ಲಾನ್ ಸರ್ವಿಸ್‌ಗೆ ಸಹಿ ಹಾಕೋ ಮುಂಚೆ ನನ್ನ ಕಥೆ ಕೇಳಿ

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಅರ್ಧ ತಪ್ಪು ನನ್ನದೇ. ಎಂಟು ವರ್ಷ ಮನೆ ಮುಂದಿನ ಹುಲ್ಲನ್ನು ನಾನೇ ನೋಡಿಕೊಂಡಿದ್ದೆ. ಅಂಥಾ ಚಂದವೇನೂ ಇರಲಿಲ್ಲ. ಅಲ್ಲಲ್ಲಿ ಕಳೆ, ಮರದ ಬುಡದಲ್ಲಿ ಬೋಳು, ಆದರೂ ಬರಿಗಾಲಲ್ಲಿ ನಡೆದರೆ ಮೆತ್ತಗಿತ್ತು. ಆಮೇಲೆ ಬೆನ್ನು ನೋವು ಶುರುವಾಯಿತು, ಅದಕ್ಕಿಂತ ಜಾಸ್ತಿ ಸೋಮಾರಿತನ ಶುರುವಾಯಿತು. ಅದೇ ಹೊತ್ತಿಗೆ ಲಾನ್ ನೋಡಿಕೊಳ್ಳುವ ಕಂಪನಿಯವರು ಯಾರೋ ಗೇಟಿಗೆ ‘ಉಚಿತ ತಪಾಸಣೆ’ ಅಂತ ಚೀಟಿ ಸಿಕ್ಕಿಸಿ ಹೋಗಿದ್ದರು. ಫೋನ್ ಮಾಡಿದೆ.

ತಪಾಸಣೆಗೆ ಬಂದವನು ಗೇಟಿನ ಹತ್ತಿರ ನಿಂತೇ ನೋಡಿದ. ಬಗ್ಗಲಿಲ್ಲ, ಮಣ್ಣು ಮುಟ್ಟಲಿಲ್ಲ, ಇದು ಯಾವ ಹುಲ್ಲು, ಕೊನೆಯ ಸಲ ಗೊಬ್ಬರ ಯಾವಾಗ ಹಾಕಿದ್ದು ಅಂತ ಒಂದು ಮಾತೂ ಕೇಳಲಿಲ್ಲ. ಎರಡು ನಿಮಿಷಕ್ಕೆ ಮೊಬೈಲ್ ತೆಗೆದು ವರ್ಷದ ಪ್ಲ್ಯಾನ್ ತೋರಿಸಿದ. ಯಾವ ತಿಂಗಳು ಯಾವ ಮದ್ದು ಅಂತ ಎಲ್ಲ ಮೊದಲೇ ತಯಾರಾಗಿತ್ತು. ನಮ್ಮ ಅಂಗಳ ನೋಡುವ ಮುಂಚೆಯೇ ತಯಾರಾಗಿತ್ತು ಅನ್ನುವುದು ಆಗ ತಲೆಗೆ ಹೋಗಲಿಲ್ಲ. ಸಹಿ ಹಾಕಿದೆ.

ಮೊದಲ ತಿಂಗಳು ನಾನು ಹಿಗ್ಗಿದ್ದೇ ಹಿಗ್ಗಿದ್ದು. ದಾರಿಯಲ್ಲಿ ಹೋಗುವವರು ನಿಂತು ನೋಡುವಷ್ಟು ಹಸಿರು. ಬೇಗ ಕರಗುವ ಸಾರಜನಕದ ಗೊಬ್ಬರ ಸುರಿದರೆ ಬೆಳೆಯೋ ಕಾಲದಲ್ಲಿ ಎಂಥಾ ಹುಲ್ಲೂ ಕೆಲವೇ ದಿನದಲ್ಲಿ ಹಾಗೆ ಆಗುತ್ತದೆ, ಅದರಲ್ಲಿ ಯಾರ ಕೈಚಳಕವೂ ಇಲ್ಲ. ಎಲೆ ಸರಸರ ಮೇಲೆ ಬರುತ್ತದೆ, ಬೇರು ಹಿಂದೆ ಬೀಳುತ್ತದೆ. ಹಿಂದೆ ಬಿದ್ದದ್ದು ಬಿಸಿಲು ಬಂದಾಗಲೇ ಗೊತ್ತಾಗುವುದು.

ಇನ್ನು ಕತ್ತರಿಸೋ ವಿಷಯ. ವಾರಕ್ಕೊಮ್ಮೆ ಅಂತ ಮಾತಾಗಿತ್ತು, ಬರುತ್ತಿದ್ದದ್ದು ಎರಡು ವಾರಕ್ಕೊಮ್ಮೆ. ಅಷ್ಟರಲ್ಲಿ ಹುಲ್ಲು ಮೊಣಕಾಲ ಕೆಳಗಿನವರೆಗೆ ಬಂದಿರುತ್ತಿತ್ತು. ಅವರು ಮೆಷಿನ್ನನ್ನು ಎಲ್ಲಕ್ಕಿಂತ ಕೆಳಗಿನ ಮಟ್ಟಕ್ಕೆ ಇಳಿಸಿ, ಒಂದೇ ಸಲಕ್ಕೆ ತಲೆ ಬೋಳಿಸಿದ ಹಾಗೆ ಬೋಳಿಸಿ ಹೋಗುತ್ತಿದ್ದರು. ಒಂದು ಸಲಕ್ಕೆ ಹುಲ್ಲಿನ ಎತ್ತರದ ಮೂರರಲ್ಲಿ ಒಂದು ಭಾಗಕ್ಕಿಂತ ಜಾಸ್ತಿ ತೆಗೆಯಬಾರದು ಅನ್ನೋದು ಈ ಕೆಲಸದಲ್ಲಿ ಅ ಆ ಇ ಈ ಇದ್ದ ಹಾಗೆ. ಎಲೆಯೇ ಇಲ್ಲದಿದ್ದರೆ ಅದು ಊಟ ಮಾಡೋದು ಹೇಗೆ? ಬುಡದವರೆಗೆ ಬಿಸಿಲು ಬಿದ್ದು ಮಣ್ಣು ಒಣಗುತ್ತದೆ, ಒಳಗೆ ಮಲಗಿದ್ದ ಕಳೆಬೀಜ ಏಳುತ್ತದೆ. ಕಳೆ ಎದ್ದರೆ ಕಳೆಗೆ ಬೇರೆ ಮದ್ದು, ಅದಕ್ಕೆ ಬೇರೆ ಬಿಲ್ಲು. ಬೇಕಂತಲೇ ಮಾಡುತ್ತಾರೆ ಅಂತ ನಾನು ಹೇಳುತ್ತಿಲ್ಲ. ಆದರೆ ಅವರಿಗೇನೂ ನಷ್ಟ ಇಲ್ಲ, ಅಲ್ವಾ?

ಒಂದು ದಿನ ಇಡೀ ಅಂಗಳ ಬೆಳ್ಳಗೆ ಮಂಕಾಗಿ ಕಂಡಿತು. ಕೂತು ಒಂದು ಎಲೆ ಕಿತ್ತು ಹತ್ತಿರ ಹಿಡಿದೆ. ತುದಿ ಕತ್ತರಿಸಿದ ಹಾಗಿರಲಿಲ್ಲ, ಹಳೇ ಪೊರಕೆ ಕಡ್ಡಿಯ ಹಾಗೆ ಸೀಳಿ ನಾರು ನಾರಾಗಿತ್ತು. ಮೊಂಡು ಬ್ಲೇಡು. ಅದು ಕತ್ತರಿಸುವುದಿಲ್ಲ, ಹರಿಯುತ್ತದೆ. ಹರಿದ ತುದಿ ಒಣಗುತ್ತದೆ, ರೋಗಕ್ಕೂ ಅದೇ ಬಾಗಿಲು. ಅದೇ ಮೆಷಿನ್ನು ತೊಳೆಯದೆ ಹತ್ತು ಅಂಗಳ ಸುತ್ತಿ ಬರುತ್ತಿತ್ತು ಬೇರೆ. ಮೊದಲು ನಮ್ಮಲ್ಲಿ ಇಲ್ಲದ ಎರಡು ಜಾತಿ ಕಳೆ ಆ ವರ್ಷವೇ ಕಂಡದ್ದು, ಅವುಗಳ ಬೀಜ ಎಲ್ಲಿಂದ ಬಂತೋ ನೀವೇ ಊಹಿಸಿ.

ಆದರೂ ಸುಮ್ಮನಿದ್ದೆ. ಎರಡನೇ ಸಲ ಗೊಬ್ಬರ ಹಾಕಿ ಹೋದ ಮೇಲೆ ಸುಮ್ಮನಿರೋಕೆ ಆಗಲಿಲ್ಲ. ಐದಾರು ದಿನಕ್ಕೆ ಹಳದಿ ಪಟ್ಟೆ ಬಂದವು, ಆಮೇಲೆ ಅವೇ ಕಂದು. ಗೋಡೆಯಿಂದ ಗೋಡೆಗೆ ನೇರ ಗೆರೆ. ಗೇಟಿನ ಹತ್ತಿರ, ಗೊಬ್ಬರದ ಗಾಡಿ ತಿರುಗಿಸುವ ಕಡೆ, ಊಟದ ತಟ್ಟೆಯಷ್ಟು ಅಗಲ ಪೂರ್ತಿ ಸುಟ್ಟಿತ್ತು. ಹುಲ್ಲು ಸರಿಸಿ ನೋಡಿದರೆ ಗೊಬ್ಬರದ ಬಿಳಿ ಕಾಳು ಇನ್ನೂ ಗುಪ್ಪೆಯಾಗಿ ಕೂತಿತ್ತು.

ಫೋನ್ ಮಾಡಿದರೆ ಒಬ್ಬ ಬಂದ. ಇವನೂ ಬಗ್ಗಲಿಲ್ಲ. “ಸರ್, ಇದು ಗೊಣ್ಣೆ ಹುಳ. ಬೇರು ತಿಂದಿದೆ. ಸ್ಪೆಷಲ್ ಟ್ರೀಟ್‌ಮೆಂಟ್ ಮಾಡಬೇಕು, ಅದು ಪ್ಲ್ಯಾನಲ್ಲಿ ಬರಲ್ಲ.” ಗೊಣ್ಣೆ ಹುಳಕ್ಕೆ ಸ್ಕೇಲು ಹಿಡಿದು ಗೆರೆ ಎಳೆಯೋಕೆ ಬರುತ್ತದಾ ಅಂತ ಕೇಳಿದೆ. ನಕ್ಕ.

ಅವನು ಹೋದ ಮೇಲೆ ಗುದ್ದಲಿ ತಂದೆ. ನೀವೂ ಇದನ್ನು ಮಾಡಿ, ಐದು ನಿಮಿಷದ ಕೆಲಸ. ಬೇರು ಹುಳ ತಿಂದಿದ್ದರೆ ಹುಲ್ಲನ್ನು ಹಿಡಿದು ಎಳೆದಾಗ ಚಾಪೆ ಸುತ್ತಿದ ಹಾಗೆ ಸಲೀಸಾಗಿ ಎದ್ದು ಬರುತ್ತದೆ. ನಮ್ಮದು ಅಲುಗಾಡಲಿಲ್ಲ. ಒಂದಡಿ ಉದ್ದ ಒಂದಡಿ ಅಗಲ ಕತ್ತರಿಸಿ, ಮೂರು ಇಂಚು ಆಳದವರೆಗೆ ಮಣ್ಣು ಕೆದಕಿದೆ. ಇಂಗ್ಲಿಷಿನ ಸಿ ಅಕ್ಷರದ ಹಾಗೆ ಸುರುಟಿಕೊಂಡ ಬಿಳಿ ಹುಳ ಒಂದೇ ಒಂದು ಸಿಕ್ಕಿತು. ಅಷ್ಟು ಜಾಗದಲ್ಲಿ ಒಂದೆರಡಿದ್ದರೆ ಆರೋಗ್ಯವಾಗಿರೋ ಹುಲ್ಲಿಗೆ ಏನೂ ಆಗಲ್ಲ. ಐದು, ಹತ್ತು ಸಿಗತೊಡಗಿದರೆ ಯೋಚನೆ ಮಾಡಬೇಕು.

ಆಗಿದ್ದು ಏನೆಂದರೆ ಬರೀ ಗೊಬ್ಬರದ ಸುಡುವಿಕೆ. ಇಂಥಾ ಗೊಬ್ಬರ ಉಪ್ಪಿನ ಹಾಗೆ. ಜಾಸ್ತಿಯಾದರೆ ಬೇರಿಗೆ ಹೋಗಬೇಕಾದ ನೀರನ್ನು ಅದೇ ಎಳೆದುಕೊಳ್ಳುತ್ತದೆ. ಯೂರಿಯಾದಲ್ಲಿ ಸಾರಜನಕವೇ 46 ಪರ್ಸೆಂಟ್. 100 ಚದರ ಮೀಟರಿಗೆ ಒಂದು ಸಲಕ್ಕೆ ಅರ್ಧ ಕೆಜಿ ಸಾರಜನಕವೇ ಮೇಲಿನ ಮಿತಿ, ಅಂದರೆ ಯೂರಿಯಾ ಲೆಕ್ಕದಲ್ಲಿ ಒಂದು ಕೆಜಿ ಚಿಲ್ಲರೆ. ಬಿಸಿಲಲ್ಲಿ ಅದರ ಅರ್ಧ ಹಾಕಿದರೂ ಹಿಂದೆಯೇ ನೀರು ಬಿಡಬೇಕು. ಇವರು ಗಾಡಿ ತಳ್ಳುವಾಗ ಒಂದು ಸಾಲಿನ ಮೇಲೆ ಇನ್ನೊಂದು ಸಾಲು ಹತ್ತಿಸಿ, ಎರಡು ಪಾಲು ಬಿದ್ದಲ್ಲೆಲ್ಲ ಸುಟ್ಟಿದ್ದಾರೆ. ನೀರು ಬಿಡಿ ಅಂತ ನಮಗೊಂದು ಮಾತು ಹೇಳಿಯೂ ಹೋಗಲಿಲ್ಲ.

“ನೀವೇ ತಾನೇ ಸಹಿ ಹಾಕಿದ್ದು?” ಅಂದಳು ಹೆಂಡತಿ. ಅವಳ ಸಿಟ್ಟು ಬೇರೆಯದು. ಆ ವಾರವೇ ಕಳೆಗೆ ಅಂತ ಸುಡು ಮಧ್ಯಾಹ್ನದಲ್ಲಿ ಸ್ಪ್ರೇ ಹೊಡೆದಿದ್ದರು, ಅದರ ಗಾಳಿ ಬೇಲಿ ಪಕ್ಕದ ಗುಲಾಬಿಗೆ ತಾಗಿ ಚಿಗುರೆಲ್ಲ ಬಟ್ಟಲಿನ ಹಾಗೆ ಮುದುಡಿ ತಿರುಚಿಕೊಂಡಿತ್ತು. 2,4-ಡಿ ಥರದ ಕಳೆನಾಶಕಗಳು ಹುಲ್ಲನ್ನು ಬಿಟ್ಟು ಅಗಲ ಎಲೆಯ ಗಿಡಗಳನ್ನು ಹಿಡಿಯುತ್ತವೆ. ಅಗಲ ಎಲೆ ಅಂದ ಮೇಲೆ ಕಳೆಯೂ ಒಂದೇ, ಗುಲಾಬಿಯೂ ಒಂದೇ. ಅದರಲ್ಲಿ ಕೆಲವು ಬಗೆ ಸೆಖೆಯಲ್ಲಿ ಆವಿಯಾಗಿ ಹಾರುತ್ತವೆ. ಗ್ಲೈಫೊಸೇಟ್ ಅನ್ನೋ ಇನ್ನೊಂದು ಕಳೆನಾಶಕವಾದರೆ ಹುಲ್ಲನ್ನೂ ಬಿಡಲ್ಲ, ಬಿದ್ದದ್ದೆಲ್ಲ ಸಾಯುತ್ತದೆ. ಡ್ರಮ್ಮಲ್ಲಿ ಏನಿತ್ತು ಅಂತ ಕೇಳಿದರೆ “ಕಂಪನಿ ಮಿಕ್ಸ್ ಸರ್” ಅನ್ನುವುದೇ ಉತ್ತರ. ಮಕ್ಕಳು, ನಾಯಿ ಓಡಾಡುವ ಜಾಗ. ಒಣಗುವವರೆಗೆ ಯಾರೂ ಕಾಲಿಡಬಾರದು ಅಂತ ಡಬ್ಬಿ ಮೇಲೆ ಬರೆದಿರುತ್ತದೆ. ಡಬ್ಬಿ ನಮಗೆ ಕಾಣಿಸಿದರೆ ತಾನೇ.

ಬಿಡಿಸಿಕೊಳ್ಳೋದು ಇನ್ನೊಂದು ರಾಮಾಯಣ. ವರ್ಷ ಮುಗಿದ ಮೇಲೆ ತಾನಾಗಿಯೇ ಮುಂದುವರಿಯುತ್ತದೆ ಅಂತ ಒಪ್ಪಂದದ ಕೊನೆ ಹಾಳೆಯಲ್ಲಿ ಇರುವೆ ಸಾಲಿನಷ್ಟು ಸಣ್ಣಗೆ ಇತ್ತು. ಬೇಡ ಅಂತ 30 ದಿನ ಮುಂಚೆ ಬರೆದು ತಿಳಿಸಬೇಕಂತೆ. ಫೋನಲ್ಲಿ ಮೂರು ಸಲ ಹೇಳಿದ್ದು ಲೆಕ್ಕಕ್ಕೇ ಬರಲಿಲ್ಲ. ಕಾರ್ಡಿನಿಂದ ಮುಂದಿನ ವರ್ಷದ ಮೊದಲ ಕಂತು ಹೋಗಿಯೇಬಿಟ್ಟಿತು. ಅದನ್ನು ವಾಪಸ್ ತರಿಸುವಷ್ಟರಲ್ಲಿ ಬೆನ್ನು ನೋವಿನ ಜೊತೆ ತಲೆನೋವೂ ಸೇರಿತು.

ಈಗ ಮತ್ತೆ ನಾನೇ ಮಾಡುತ್ತಿದ್ದೇನೆ. ಎಲ್ಲರೂ ಹೀಗೇ ಮಾಡಿ ಅನ್ನಲ್ಲ, ಜಾಗ ದೊಡ್ಡದಿದ್ದರೆ, ಮೈಗೆ ಆಗದಿದ್ದರೆ ಆಳು ಬೇಕೇ ಬೇಕು. ನಾನೂ ಗಟ್ಟಿಯಾದ ಮಣ್ಣಿಗೆ ಗಾಳಿ, ನೀರು ಇಳಿಯೋಕೆ ತೂತು ಹೊಡೆಸೋದು, ಅದಕ್ಕೆ ಭಾರದ ಮೆಷಿನ್ನು ಬೇಕು, ಅದೊಂದನ್ನು ಬೇರೆಯವರಿಂದ ಮಾಡಿಸುತ್ತೇನೆ. ಬಂದ ದಿನದ ಕೂಲಿ ಬಂದ ದಿನವೇ, ವರ್ಷದ ಒಪ್ಪಂದ ಇಲ್ಲ. ಉಳಿದದ್ದು ಅಂದುಕೊಂಡಷ್ಟು ಕೆಲಸ ಇಲ್ಲ. ಮಣ್ಣು ಪರೀಕ್ಷೆ ಮಾಡಿಸಿದ ಮೇಲೆ ಗೊತ್ತಾಯಿತು, ವರ್ಷವಿಡೀ ಸುರಿದ ರಂಜಕ, ಅಂದರೆ ಫಾಸ್ಫರಸ್, ನಮ್ಮ ಮಣ್ಣಿಗೆ ಬೇಕೇ ಇರಲಿಲ್ಲ. ಕತ್ತರಿಸಿದ ಹುಲ್ಲನ್ನು ಗುಡಿಸದೆ ಅಲ್ಲೇ ಬಿಡುತ್ತೇನೆ, ವರ್ಷಕ್ಕೆ ಬೇಕಾದ ಸಾರಜನಕದಲ್ಲಿ ಕಾಲು ಭಾಗದವರೆಗೂ ಅದರಿಂದಲೇ ಬರುತ್ತದೆ. ಬ್ಲೇಡಿಗೆ ಆಗಾಗ ಸಾಣೆ. ನೀರು ವಾರಕ್ಕೆ ಸುಮಾರು 25 ಮಿಲಿಮೀಟರ್, ಬೆಳಿಗ್ಗೆ, ಎರಡೇ ಸಲಕ್ಕೆ. ಅಳೆಯೋಕೆ ಒಂದು ಖಾಲಿ ಡಬ್ಬಿ ಇಟ್ಟಿದ್ದೇನೆ, ಮಗಳು ಅದಕ್ಕೆ ಗೆರೆ ಹಾಕಿಕೊಟ್ಟಿದ್ದಾಳೆ.

ಸರ್ವಿಸ್‌ಗೇ ಕೊಡುತ್ತೀರಿ ಅಂದರೆ, ಬಂದವನು ಬಗ್ಗಿ ಮಣ್ಣು ಮುಟ್ಟುತ್ತಾನಾ ನೋಡಿ. ಹುಲ್ಲು ಯಾವ ಜಾತಿ ಅಂತ ಕೇಳಿ. ಎಷ್ಟು ಎತ್ತರ ಬಿಟ್ಟು ಕತ್ತರಿಸುತ್ತೀರಿ ಅಂತಲೂ ಕೇಳಿ. ಡ್ರಮ್ಮಲ್ಲಿರೋ ಮದ್ದಿನ ಹೆಸರು ಪ್ರತಿ ಸಲವೂ ಬರೆದುಕೊಡಲಿ, ಕೊಡಲ್ಲ ಅಂದರೆ ಗೇಟಿನಿಂದಲೇ ವಾಪಸ್ ಕಳಿಸಿ. ಅವರು ಬರೋ ಮುಂಚೆ, ಹೋದ ಮೇಲೆ ಫೋಟೋ ತೆಗೆದಿಡಿ, ನನ್ನ ದುಡ್ಡು ವಾಪಸ್ ಬಂದದ್ದು ಆ ನೇರ ಪಟ್ಟೆಗಳ ಫೋಟೋದಿಂದಲೇ.

ಪಟ್ಟೆಗಳು ನೀರು ಬಿಟ್ಟು ಬಿಟ್ಟು ಮುಕ್ಕಾಲು ಪಾಲು ಮುಚ್ಚಿವೆ. ಗುಲಾಬಿ ಎರಡು ಹೋಯಿತು, ಒಂದು ಚಿಗುರಿದೆ. ಗೇಟಿನ ಹತ್ತಿರದ ತಟ್ಟೆಯಷ್ಟಗಲ ಮಣ್ಣನ್ನು ತೆಗೆದು ಹೊಸದು ತುಂಬಿಸಿ ಮತ್ತೆ ಹುಲ್ಲು ನೆಟ್ಟಿದ್ದೇನೆ. ಮೊನ್ನೆ ಅದೇ ಗೇಟಿಗೆ ಇನ್ನೊಂದು ಚೀಟಿ ಸಿಕ್ಕಿಸಿದ್ದರು, ಬೇರೆ ಕಂಪನಿಯದು, ‘ಉಚಿತ ತಪಾಸಣೆ’ ಅಂತಲೇ ಇತ್ತು.