ಸೂಚನೆ ಬರಹದ ಕಾರ್ಡ್ ಪೆಟ್ಟಿಗೆ: ಚಿತ್ರ ಮುಚ್ಚಿಟ್ಟ ಮೇಲೆ ಕೆಲಸಕ್ಕೆ ಬರುತ್ತದೆ

‘ಇದನ್ನು ಹೇಗೆ ಮಾಡುವುದು’, ‘ಹೀಗೇಕೆ ಆಗುತ್ತದೆ’ ಎಂಬ ಎರಡು ಬಗೆಯ ಬರಹವನ್ನು 3ರಿಂದ 5ನೇ ತರಗತಿಯ ಮಕ್ಕಳಿಗೆ ಕಲಿಸುವ ಪೆಟ್ಟಿಗೆ ಇದು. ಒಳಗೆ ಒಂದೊಂದು ಕೆಲಸಕ್ಕೆ 6ರಂತೆ ಚಿತ್ರಕಾರ್ಡುಗಳು, ಖಾಲಿ ಚೌಕಟ್ಟು ಹಾಳೆಗಳು, ‘ಮೊದಲು, ನಂತರ, ಆಮೇಲೆ, ಕೊನೆಗೆ’ ಎಂಬ ಪದಪಟ್ಟಿ, ತಿದ್ದಿಕೊಳ್ಳಲು ಒಂದು ಪರಿಶೀಲನಾ ಕಾರ್ಡು ಇವೆ. ಕಾರ್ಡು ದಪ್ಪಗಿದೆ, ಲ್ಯಾಮಿನೇಶನ್ ಗಟ್ಟಿ, ಮಾರ್ಕರ್ ಗುರುತು ಸುಲಭವಾಗಿ ಅಳಿಸಿಹೋಗುತ್ತದೆ. ವಸ್ತುವಿನ ಬಗ್ಗೆ ದೂರಿಲ್ಲ.

ತಕರಾರು ಚಿತ್ರಗಳದ್ದು. ಕಲಸಿಟ್ಟ ಕಾರ್ಡುಗಳನ್ನು ಕ್ರಮವಾಗಿ ಜೋಡಿಸುವುದು ಮಕ್ಕಳಿಗೆ ಖುಷಿ, ಅಷ್ಟರ ಮಟ್ಟಿಗೆ ಒಳ್ಳೆಯದೇ. ಆದರೆ ಚಿತ್ರ ಕಣ್ಣೆದುರಿಗೇ ಇರುವಾಗ ಮಗು ‘ಮೂಲೆಯನ್ನು ಮಡಚಿ’ ಎಂದು ಬರೆದು ಮುಗಿಸುತ್ತದೆ. ಯಾವ ಮೂಲೆ, ಯಾವ ಕಡೆಗೆ ಎಂಬುದನ್ನು ಚಿತ್ರವೇ ಹೇಳಿಬಿಟ್ಟಿರುತ್ತದೆ, ಮಾತಿಗೆ ಕೆಲಸವೇ ಉಳಿಯುವುದಿಲ್ಲ.

ಕಾಗದದ ದೋಣಿಯ ಕಾರ್ಡುಗಳನ್ನೇ ನೋಡಿ. ಬೇಕಾಗುವ ಸಾಮಗ್ರಿ ಎಂಬಲ್ಲಿ ಬರೀ ‘ಕಾಗದ’ ಎಂದಿದೆ. ಚೌಕ ಕಾಗದವನ್ನು ಅರ್ಧಕ್ಕೆ ಮಡಚಿ ಮೇಲಿನ ಎರಡೂ ಮೂಲೆಗಳನ್ನು ನಡುವಿಗೆ ತಂದರೆ ಇಡೀ ಕಾಗದ ತ್ರಿಕೋನವಾಗಿ ಮುಗಿದುಹೋಗುತ್ತದೆ. ಮೇಲಕ್ಕೆ ಮಡಚಲು ಕೆಳಗೆ ಪಟ್ಟಿಯೇ ಉಳಿಯುವುದಿಲ್ಲ. ಎ4 ಹಾಳೆಯ ಉದ್ದವನ್ನು ಅರ್ಧ ಮಾಡಿಕೊಂಡರೆ 4 ಸೆಂ.ಮೀ.ಗಿಂತ ತುಸು ಹೆಚ್ಚು ಪಟ್ಟಿ ಉಳಿಯುತ್ತದೆ. ಹಾಗಾಗಿ ‘ಆಯತಾಕಾರದ ಕಾಗದ’ ಎಂದೇ ಬರೆಯಬೇಕು. ಮಡಿಕೆಯ ಅಂಚು ಮೇಲಿರಬೇಕು ಎಂಬುದೂ, ಉಳಿದ ಪಟ್ಟಿಯಲ್ಲಿ ಒಂದು ಪದರ ಮುಂದಕ್ಕೆ, ಇನ್ನೊಂದು ಹಿಂದಕ್ಕೆ ಎಂಬುದೂ ಚಿತ್ರದಲ್ಲಿದೆ, ಮಕ್ಕಳ ಬರಹದಲ್ಲಿ ಇರುವುದಿಲ್ಲ. ಎರಡೂ ಪದರಗಳನ್ನು ಒಂದೇ ಕಡೆಗೆ ಮಡಚಿದವರ ದೋಣಿ ಅಲ್ಲಿಗೇ ನಿಲ್ಲುತ್ತದೆ.

ಆದ್ದರಿಂದ ಜೋಡಿಸಿದ ಮೇಲೆ, ಬರೆಯುವ ಮೊದಲು, ಕಾರ್ಡುಗಳನ್ನು ಬೋರಲು ಹಾಕಿಸಿ. ಬರೆದದ್ದನ್ನು ಆ ಚಿತ್ರ ನೋಡಿರದ ಇನ್ನೊಂದು ಮಗುವಿಗೆ ಕೊಡಿ. ಓದುವವರು ಬರೆದಷ್ಟನ್ನೇ ಮಾಡಬೇಕು, ಊಹಿಸಬಾರದು. ಬರೆದವರು ಬಾಯಿ ಬಿಡಬಾರದು, ಕೈ ತೋರಿಸಬಾರದು. ಗೆಳೆಯ ಎಲ್ಲಿ ತಡವರಿಸುತ್ತಾನೋ ಆ ಸಾಲಿನ ಪಕ್ಕ ಒಂದು ಚುಕ್ಕೆ ಇಡಬೇಕು, ಅಷ್ಟೆ. (ಬಾಯಿ ಮುಚ್ಚಿ ಕೂರುವುದೇ ಎಲ್ಲಕ್ಕಿಂತ ಕಷ್ಟ.) 10 ನಿಮಿಷ ಸಾಕು. ಆಮೇಲೆ ಚುಕ್ಕೆ ಬಿದ್ದ ಸಾಲುಗಳನ್ನಷ್ಟೇ ತಿದ್ದಿಸಿ. ಪೂರ್ತಿ ಮತ್ತೆ ಬರೆಸಿದರೆ ಮಕ್ಕಳು ಹಳೆಯ ತಪ್ಪನ್ನೇ ದುಂಡಗೆ ಬರೆದು ತರುತ್ತಾರೆ. ಕೈಪಿಡಿಯಲ್ಲಿ ಈ ಪರೀಕ್ಷೆಯ ಸುದ್ದಿಯೇ ಇಲ್ಲ.

ಇನ್ನು ಭಾಷೆ. ‘ಪ್ರತಿ ವಾಕ್ಯವೂ ಕ್ರಿಯಾಪದದಿಂದ ಶುರುವಾಗಲಿ’ ಎನ್ನುತ್ತದೆ ಕೈಪಿಡಿ. ಕನ್ನಡದಲ್ಲಿ ಕ್ರಿಯಾಪದ ಬರುವುದು ಕೊನೆಗೆ! ಪರಿಶೀಲನಾ ಕಾರ್ಡಿನಲ್ಲಿ ‘ವಾಕ್ಯ ದೊಡ್ಡಕ್ಷರದಿಂದ ಆರಂಭವಾಗಿದೆಯೇ?’ ಎಂಬ ಪ್ರಶ್ನೆಯೂ ಇದೆ. ಇಂಗ್ಲಿಷ್ ಕಾರ್ಡನ್ನು ಕಣ್ಣು ಮುಚ್ಚಿ ಅನುವಾದಿಸಿದ್ದಾರೆ ಎನ್ನಲು ಬೇರೆ ಸಾಕ್ಷಿ ಬೇಡ.

ಕನ್ನಡದಲ್ಲಿ ನಿಜವಾಗಿ ತೊಡಕು ಕೊಡುವ ಜಾಗ ಬೇರೆಯೇ ಇದೆ, ಪೆಟ್ಟಿಗೆ ಅದನ್ನು ಮುಟ್ಟಿಲ್ಲ. ‘ಮಡಚಿ’ ಎಂದರೆ ‘ನೀವು ಮಡಚಿ’ ಎಂಬ ಆಜ್ಞೆಯೂ ಹೌದು, ‘ಮಡಚಿಕೊಂಡು ಮುಂದಕ್ಕೆ’ ಎಂಬ ಅರ್ಥವೂ ಹೌದು. ‘ಕಾಗದವನ್ನು ಮಡಚಿ ತಿರುಗಿಸಿ ಅಂಚನ್ನು ಒತ್ತಿ ಬಿಡಿಸಿ’ ಎಂದು ಮಗು ಬರೆದರೆ ನಾಲ್ಕು ಕೆಲಸ ಒಂದೇ ಉಸಿರಿನಲ್ಲಿ ಹೋಗುತ್ತವೆ, ಎಲ್ಲಿ ನಿಲ್ಲಬೇಕೆಂದು ಓದುವವರಿಗೆ ತಿಳಿಯದು. ಒಂದು ಸಾಲಿಗೆ ಒಂದೇ ಕೆಲಸ, ಕೊನೆಗೆ ಪೂರ್ಣವಿರಾಮ ಎಂದು ಕಟ್ಟುನಿಟ್ಟು ಮಾಡಿ. ಗೆಳೆಯರಿಗೆ ಬರೆಯುವುದಾದರೆ ‘ಮಡಚು, ತಿರುಗಿಸು’ ಎಂದೇ ಬರೆಯಲಿ, ಗೊಂದಲ ತಾನಾಗಿ ಕಡಿಮೆಯಾಗುತ್ತದೆ. ನಡುವೆ ‘ಮಡಚಿದೆ, ಆಮೇಲೆ ತಿರುಗಿಸಿದೆ’ ಎಂದು ಸೂಚನೆ ಕಥೆಯಾಗಿಬಿಡುವುದೂ ಉಂಟು. ಕ್ರಿಯಾಪದಗಳಿಗೆ ಮಾತ್ರ ಗೆರೆ ಎಳೆಸಿ ನೋಡಿಸಿದರೆ ಮಕ್ಕಳೇ ಹಿಡಿಯುತ್ತಾರೆ.

ವಿವರಣೆಯ ಭಾಗ ಪೆಟ್ಟಿಗೆಯಲ್ಲಿ ತೀರಾ ಸೊರಗಿದೆ. ಸೂಚನೆಗೆ ಕೊಟ್ಟ ಚೌಕಟ್ಟನ್ನೇ ಇದಕ್ಕೂ ಕೊಟ್ಟಿದ್ದಾರೆ. ‘ಒದ್ದೆ ಬಟ್ಟೆ ಏಕೆ ಒಣಗುತ್ತದೆ’ ಎಂಬ ಕಾರ್ಡಿಗೆ ‘ಮೊದಲು, ನಂತರ’ ಹಾಕಿದರೆ ಬರುವ ಉತ್ತರ: ‘ಮೊದಲು ಬಿಸಿಲು ಬಿತ್ತು, ನಂತರ ಬಟ್ಟೆ ಒಣಗಿತು.’ ಕಾರಣವೇ ಇಲ್ಲ. ‘ಏಕೆಂದರೆ’ ಕೊಟ್ಟರೂ ‘ಒಣಗುತ್ತದೆ, ಏಕೆಂದರೆ ನೀರು ಹೋಗುತ್ತದೆ’ ಎಂದು ಅದನ್ನೇ ತಿರುಗಿಸಿ ಬರೆಯುವವರಿರುತ್ತಾರೆ. ಅಲ್ಲಿ ಎರಡು ಪ್ರಶ್ನೆ ಕೇಳಿ: ನೀರು ಎಲ್ಲಿಗೆ ಹೋಯಿತು? ಬಿಸಿಲಿಲ್ಲದ ದಿನವೂ ಗಾಳಿಗೆ ಒಣಗುತ್ತದಲ್ಲ, ಅದು ಹೇಗೆ? ಆಗ ಆವಿ, ಗಾಳಿ, ಶಾಖ ಒಂದೊಂದಾಗಿ ಬರಹಕ್ಕೆ ಬರುತ್ತವೆ. ಚೌಕಟ್ಟು ಹಾಳೆಯ ಹಿಂಬದಿ ಖಾಲಿಯಿದೆ. ಅಲ್ಲಿ ಮೂರು ಮನೆ ಎಳೆದು, ನಡುವೆ ಬಾಣ ಹಾಕಿ, ಪ್ರತಿ ಬಾಣದ ಮೇಲೆ ‘ಇದರಿಂದ’ ಎಂದು ಬರೆದುಕೊಂಡರೆ ಮುದ್ರಿತ ಚೌಕಟ್ಟಿಗಿಂತ ಚೆನ್ನಾಗಿ ನಡೆಯುತ್ತದೆ.

ಪದಪಟ್ಟಿಯನ್ನು ಗೋಡೆಗೆ ಅಂಟಿಸುವುದು ಬೇಡ. ಅದು ಕಂಡಷ್ಟು ಹೊತ್ತೂ ಪ್ರತಿ ಸಾಲು ‘ನಂತರ’ ಎಂದೇ ಶುರುವಾಗುತ್ತದೆ. ಸಾಲಿಗೆ ಅಂಕಿ ಹಾಕಿದ ಮೇಲೆ ಆ ಪದದ ಅಗತ್ಯವೂ ಇಲ್ಲ. 2ನೇ ತರಗತಿಯವರಿಗೆ ಕಾರ್ಡು ಬಾಯಿಮಾತಿನ ಆಟಕ್ಕೆ ಸಾಕು. ದೊಡ್ಡ ತರಗತಿಗೆ ಒಂದೇ ಪೆಟ್ಟಿಗೆ ಕೊಂಡರೆ ಒಂದೊಂದು ಗುಂಪಿಗೆ ಒಂದೊಂದು ಕೆಲಸದ ಕಾರ್ಡು ಹಂಚಿ; ಬರಹಗಳನ್ನು ಅದಲುಬದಲು ಮಾಡಿಸುವಾಗ ಚಿತ್ರ ನೋಡಿರದ ಓದುಗರೂ ಅಲ್ಲೇ ಸಿಗುತ್ತಾರೆ.