ಹದಿನಾಲ್ಕು ತಿಂಗಳ ಎಸ್‌ಇಒ: ಒಂದು ಉಪ್ಪಿನಕಾಯಿ ಅಂಗಡಿಯ ಲೆಕ್ಕ

ನಮ್ಮದು ದೊಡ್ಡ ವ್ಯಾಪಾರವಲ್ಲ. ಶಿವಮೊಗ್ಗ ಜಿಲ್ಲೆಯ ಸಾಗರ ಪಟ್ಟಣದ ಹತ್ತಿರ ಒಂದು ಹಳ್ಳಿ. ಅಪ್ಪೆಮಿಡಿ ಉಪ್ಪಿನಕಾಯಿ ಹಾಕುವುದು ಅತ್ತಿಗೆ, ಜಾಲತಾಣ ಮತ್ತು ಕೊರಿಯರ್ ನೋಡಿಕೊಳ್ಳುವುದು ನಾನು. ಅರ್ಧ ಕಿಲೋ ಬಾಟಲಿಗೆ 260 ರೂಪಾಯಿ. ಖರ್ಚೆಲ್ಲ ಕಳೆದು ಕೈಯಲ್ಲಿ ಉಳಿಯುವುದು 70. ಇಂಥ ಅಂಗಡಿಯವನು ಬೆಂಗಳೂರಿನ ಒಂದು ಎಸ್‌ಇಒ ಸಂಸ್ಥೆಗೆ, ಅಂದರೆ ಗೂಗಲ್‌ನಲ್ಲಿ ಹುಡುಕಿದಾಗ ನಮ್ಮ ತಾಣ ಮೇಲೆ ಕಾಣುವಂತೆ ಮಾಡುತ್ತೇವೆ ಎನ್ನುವವರಿಗೆ, 2024ರ ಫೆಬ್ರವರಿಯಿಂದ ತಿಂಗಳಿಗೆ 9,000 ರೂಪಾಯಿಯಂತೆ ಹದಿನಾಲ್ಕು ತಿಂಗಳು ಕೊಟ್ಟೆ. ಅವರ ಶುಲ್ಕ ಹುಟ್ಟಬೇಕಾದರೆ ತಿಂಗಳಿಗೆ 129 ಬಾಟಲಿ ಹೆಚ್ಚಿಗೆ ಮಾರಬೇಕು. ಸಹಿ ಹಾಕುವ ಮೊದಲು ಮಾಡಬೇಕಿದ್ದ ಈ ಭಾಗಾಕಾರವನ್ನು ನಾನು ಮಾಡಿದ್ದು ಆರನೇ ತಿಂಗಳಿನಲ್ಲಿ.

ಪ್ರತಿ ತಿಂಗಳು ಐದನೇ ತಾರೀಕಿಗೆ ಹದಿನೆಂಟು ಪುಟದ ವರದಿ ಬರುತ್ತಿತ್ತು. ತುಂಬ ಹಸಿರು ಬಾಣಗಳು, ಎಲ್ಲವೂ ಮೇಲ್ಮುಖ. ಮೂರನೇ ತಿಂಗಳಿಗೆ ಗೂಗಲ್‌ನಲ್ಲಿ ನಮಗೆ ಮೊದಲ ಸ್ಥಾನ ಸಿಕ್ಕಿತೆಂದು ಫೋನ್ ಮಾಡಿ ಅಭಿನಂದಿಸಿದರು. ಮನೆಯಲ್ಲಿ ಪಾಯಸವೂ ಆಯಿತು. ಯಾವ ಹುಡುಕಾಟಕ್ಕೆ ಮೊದಲ ಸ್ಥಾನ ಎಂದು ಆಮೇಲೆ ನೋಡಿದೆ: ‘ಶಿವಮೊಗ್ಗ ಜಿಲ್ಲೆಯ ಅತ್ಯುತ್ತಮ ಸಾವಯವ ಮಾವಿನ ಮಿಡಿ ಉಪ್ಪಿನಕಾಯಿ ಸರಬರಾಜುದಾರರು’. ಎಂಟು ಪದ. ಊಟಕ್ಕೆ ಕೂತವನಿಗೆ ಉಪ್ಪಿನಕಾಯಿ ನೆನಪಾದಾಗ ಇಷ್ಟುದ್ದ ಟೈಪು ಮಾಡುವಷ್ಟು ತಾಳ್ಮೆ ಇರುತ್ತದೆಯೇ? ಆ ಪದಗುಚ್ಛವನ್ನು ಆ ತಿಂಗಳು ಹುಡುಕಿದವರು ಬಹುಶಃ ನಾನು ಮತ್ತು ಅವರೇ.

ಬಿಲ್ಲಿನಲ್ಲಿ ‘ಕೀವರ್ಡ್ ಟ್ಯಾಗ್ ಸೇರ್ಪಡೆ’ ಎಂಬ ಬಾಬ್ತೂ ಇತ್ತು. ಅಂದರೆ ಓದುವವರಿಗೆ ಕಾಣದಂತೆ ಪುಟದ ಕೋಡಿನೊಳಗೆ ಹುಡುಕಾಟದ ಪದಗಳನ್ನು ತುಂಬುವುದು. ಆ ಟ್ಯಾಗನ್ನು ತಾನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲವೆಂದು ಗೂಗಲ್ 2009ರಲ್ಲೇ ಹೇಳಿದೆ. ಮೊದಲ ಸ್ಥಾನದ ಖಾತರಿ ಯಾರೂ ಕೊಡಲಾರರು ಎಂದೂ ಅದೇ ಬರೆದುಕೊಂಡಿದೆ. ನಮಗೆ ಖಾತರಿ ಕೊಟ್ಟಿದ್ದರು, ಲೆಟರ್‌ಹೆಡ್ ಮೇಲೆ.

ಬೇಸರ ಹುಟ್ಟಿದ ಮೇಲೆ ನಾನೇ ಸರ್ಚ್ ಕನ್ಸೋಲ್ ನೋಡಲು ಕಲಿತೆ. ಇದು ಗೂಗಲ್ ಪುಕ್ಕಟೆ ಕೊಡುವ ಸೌಲಭ್ಯ. ಜನ ಏನು ಟೈಪು ಮಾಡಿದಾಗ ನಮ್ಮ ಪುಟ ಕಂಡಿತು, ಎಷ್ಟು ಜನ ಒತ್ತಿದರು ಎಂಬುದೆಲ್ಲ ಅದರಲ್ಲಿ ಸಿಗುತ್ತದೆ. ಬೆಳಿಗ್ಗೆ ಕೊಟ್ಟಿಗೆ ಕೆಲಸ ಮುಗಿಸಿ, ಕಾಫಿ ಲೋಟ ಹಿಡಿದು, ಸಿಗ್ನಲ್ ಸಿಗುವ ಜಗಲಿಯ ಮೂಲೆಯಲ್ಲಿ ಕೂತು ಆ ಪಟ್ಟಿ ಓದುವುದು ನನಗೆ ಪತ್ರಿಕೆ ಓದಿದ ಹಾಗೆ ಅಭ್ಯಾಸವಾಯಿತು. ‘ಮಿಡಿ ಮೆತ್ತಗಾದರೆ ಏನು ಮಾಡಬೇಕು’, ‘ಉಪ್ಪಿನಕಾಯಿಗೆ ಬೂಷ್ಟು’, ‘ಭರಣಿ ಎಲ್ಲಿ ಸಿಗುತ್ತದೆ’. ಒಬ್ಬರಂತೂ ‘ಅಜ್ಜಿ ಹಾಕುತ್ತಿದ್ದ ಜೀರಿಗೆ ವಾಸನೆಯ ಮಿಡಿ’ ಎಂದು ಹುಡುಕಿದ್ದರು. ಆ ದಿನ ಕಾಫಿ ಆರಿಹೋಯಿತು.

ರೋಗ ಗೊತ್ತಾದದ್ದೂ ಆ ಪಟ್ಟಿಯಲ್ಲೇ. ದಿನಕ್ಕೆ ನಲವತ್ತು ಜನ ಬರುತ್ತಿದ್ದ ತಾಣಕ್ಕೆ ಮುನ್ನೂರು ಜನ ಬರುತ್ತಿದ್ದರು, ನಿಜ. ತಿಂಗಳ ಆರ್ಡರ್ ಮಾತ್ರ ಹನ್ನೊಂದರಿಂದ ಹದಿಮೂರಕ್ಕೆ ಏರಿತ್ತು. ಬಂದವರಲ್ಲಿ ಹೆಚ್ಚಿನವರು ಓದುತ್ತಿದ್ದದ್ದು ‘ಅಪ್ಪೆಮಿಡಿ ಉಪ್ಪಿನಕಾಯಿ ಹಾಕುವ ವಿಧಾನ’ ಎಂಬ ಒಂದೇ ಲೇಖನವನ್ನು. ಅತ್ತಿಗೆಗೆ ತೋರಿಸಿದೆ. “ಹಾಕಲು ಕಲಿಯಬೇಕೆಂದು ಬಂದವರು ಹಾಕಿದ್ದನ್ನು ಯಾಕೆ ಕೊಳ್ಳುತ್ತಾರೆ ಮಾರಾಯ?” ಎಂದರು. ಹದಿನೆಂಟು ಪುಟದ ವರದಿಯಲ್ಲಿ ಎಲ್ಲೂ ಇಲ್ಲದ ಮಾತು.

ಆ ಲೇಖನದ್ದೂ ಒಂದು ಕಥೆ. ಸಂಸ್ಥೆಯವರು ಮೊದಲು ಬರೆಸಿ ಹಾಕಿದ್ದರಲ್ಲಿ ‘ಮಿಡಿಗಳ ತೊಟ್ಟು ಕಿತ್ತು ಚೆನ್ನಾಗಿ ತೊಳೆಯಿರಿ’ ಎಂದಿತ್ತು. ಅತ್ತಿಗೆಗೆ ಸಿಟ್ಟು ನೆತ್ತಿಗೇರಿತು. ತೊಟ್ಟು ಕಿತ್ತರೆ ಸೊನೆ ಸೋರುತ್ತದೆ, ಸೊನೆ ಹೋದರೆ ಪರಿಮಳವೇ ಹೋಯಿತು. ಮಿಡಿ ನೆಲಕ್ಕೆ ಬೀಳದಂತೆ ಕೊಯ್ಯಬೇಕು, ಅಷ್ಟುದ್ದ ತೊಟ್ಟು ಬಿಡಬೇಕು, ಕಲ್ಲುಪ್ಪಿನಲ್ಲಿ ಪದರ ಪದರವಾಗಿ ಹಾಕಿ ಚಿರುಟಿಕೊಳ್ಳುವ ತನಕ ಕಾಯಬೇಕು ಎಂದು ಅವರು ಹೇಳುತ್ತಾ ಹೋದರು, ನಾನು ಬರೆದುಕೊಂಡೆ. ಹಳೆಯದನ್ನು ತೆಗೆಸಿ ಇದನ್ನು ಹಾಕಿಸಿದೆ. ಓದುಗರು ಏರಿದ್ದು ಅದರ ನಂತರ. ಆದರೆ ಆ ಏರಿಕೆಯೂ ಉಳಿಯಲಿಲ್ಲ. 2024ರ ಆಗಸ್ಟ್‌ನಲ್ಲಿ ಗೂಗಲ್, ಹುಡುಕಾಟದ ಪುಟದ ಮೇಲ್ಭಾಗದಲ್ಲೇ ಉತ್ತರ ಬರೆದು ತೋರಿಸುವ ತನ್ನ ಎಐ ಸಾರಾಂಶವನ್ನು ಭಾರತಕ್ಕೂ ತಂದಿತು. ಆಮೇಲಿನ ತಿಂಗಳುಗಳಲ್ಲಿ ನಮ್ಮ ಪುಟ ಹುಡುಕಾಟದಲ್ಲಿ ಕಾಣಿಸಿಕೊಳ್ಳುವುದು ಹೆಚ್ಚುತ್ತಾ ಹೋಯಿತು, ಒತ್ತಿ ಒಳಗೆ ಬರುವವರು ಕಡಿಮೆಯಾಗುತ್ತಾ ಹೋದರು. ಉತ್ತರ ಮೇಲೆಯೇ ಸಿಕ್ಕರೆ ಕೆಳಗಿಳಿಯುವವರು ಯಾರು? ವರದಿಯಲ್ಲಿ ಮೊದಲನೆಯದಕ್ಕೆ ಮಾತ್ರ ಹಸಿರು ಬಾಣ ಹಾಕಿದ್ದರು.

ಅವರಿಂದ ಏನೂ ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಅಲ್ಲಿದ್ದ ಒಬ್ಬ ಹುಡುಗ ಎರಡನೇ ತಿಂಗಳಿನಲ್ಲಿ ನಮ್ಮ ಭಾರೀ ಫೋಟೋಗಳನ್ನೆಲ್ಲ ಹಗುರ ಮಾಡಿಕೊಟ್ಟ. ಹಳ್ಳಿಯ ನೆಟ್‌ವರ್ಕಿನಲ್ಲೂ ಪುಟ ತಟ್ಟನೆ ತೆರೆಯತೊಡಗಿತು. ಗೂಗಲ್ ಮ್ಯಾಪ್‌ನಲ್ಲಿ ನಮ್ಮ ಹೆಸರಿಗೆ ಸತ್ತುಹೋದ ಸ್ಥಿರ ದೂರವಾಣಿ ಸಂಖ್ಯೆ ಇದ್ದದ್ದನ್ನು ಕಂಡುಹಿಡಿದವನೂ ಅವನೇ. ಸರಿಪಡಿಸಿದ ವಾರವೇ ಜೋಗಕ್ಕೆ ಹೋಗುವ ಪ್ರವಾಸಿಗರು ದಾರಿ ಕೇಳಿ ಫೋನ್ ಮಾಡಿದರು. ಒಂದು ಕಾರಿನವರು ಹನ್ನೆರಡು ಬಾಟಲಿ ಒಯ್ದರು. ಹತ್ತು ನಿಮಿಷದ, ಕಾಸು ಖರ್ಚಿಲ್ಲದ ಕೆಲಸ. ಹುಡುಗ ಐದನೇ ತಿಂಗಳಿಗೆ ಬೇರೆ ಕಡೆ ಸೇರಿಕೊಂಡ.

ಇನ್ನೊಂದು ಸಂಗತಿ. ಲೇಖನದ ಕೊನೆಗೆ ಅತ್ತಿಗೆಯ ಒತ್ತಾಯಕ್ಕೆ ವಾಟ್ಸ್ಆ್ಯಪ್ ಸಂಖ್ಯೆ ಹಾಕಿದ್ದೆ. ಅಲ್ಲಿ ಜನ ಮತ್ತೆ ಮತ್ತೆ ಕೇಳಿದ್ದು ಉಪ್ಪಿನಕಾಯಿಯನ್ನಲ್ಲ, ಮಿಡಿಯನ್ನು. ‘ನಾವೇ ಹಾಕಿಕೊಳ್ಳುತ್ತೇವೆ, ಉಪ್ಪಿನಲ್ಲಿಟ್ಟ ಮಿಡಿ ಕಳಿಸುತ್ತೀರಾ?’ ಕಳೆದ ಹಂಗಾಮಿನಲ್ಲಿ ನಲವತ್ಮೂರು ಕಿಲೋ ಕಳಿಸಿದೆವು.

ಐದರಲ್ಲಿ ಎರಡು ನಕ್ಷತ್ರ, ಎರಡೂ ಆ ಹುಡುಗನಿಗೆ. ಬಾಟಲಿಗೆ ಎಪ್ಪತ್ತು ಉಳಿಯುವವರಿಗೆ ಈ ಸೇವೆ ಹೊರೆ. ರಾತ್ರಿಗೆ ಮೂರು ಸಾವಿರ ಪಡೆಯುವ ಹೋಮ್‌ಸ್ಟೇಯವರ ಲೆಕ್ಕ ಬೇರೆ ಇರಬಹುದು.

ನಿಲ್ಲಿಸಿದ ಮೇಲೂ ತಿಂಗಳಿಗೊಮ್ಮೆ ಸಂಸ್ಥೆಯಿಂದ ಫೋನ್ ಬರುತ್ತದೆ. ಮೊನ್ನೆ ಹೊಸ ಹುಡುಗಿಯೊಬ್ಬಳು ಗಾಬರಿಯ ದನಿಯಲ್ಲಿ, “ಸರ್, ನೀವು ಎರಡನೇ ಪುಟಕ್ಕೆ ಜಾರಿದ್ದೀರಿ” ಎಂದಳು. ಯಾವ ಪದಕ್ಕಮ್ಮ ಎಂದು ಕೇಳಿದೆ. ಎಂಟೂ ಪದಗಳನ್ನು ಒಂದೂ ಬಿಡದೆ ಓದಿ ಹೇಳಿದಳು.