ಕಂಬಳಿ ಚೀಲ ಪಾಸ್, ಬಿಸಿ ಪೊಟ್ಟಣ ಫೇಲ್

ಜನವರಿ ಎರಡನೇ ವಾರ, ಬೆಳಿಗ್ಗೆ ಆರೂಮುಕ್ಕಾಲು. ಮಡಿಕೇರಿ ಪಕ್ಕದ ಗಾಳಿಬೀಡಿನ ಹತ್ತಿರ ಒಂದು ಹೋಂಸ್ಟೇಗೆ ಡ್ರೋನ್ ವಿಡಿಯೊ ಮಾಡಿಕೊಡಲು ಹೋಗಿದ್ದೆ. ಜಗಲಿಯ ಥರ್ಮಾಮೀಟರ್ 11 ಡಿಗ್ರಿ ತೋರಿಸುತ್ತಿತ್ತು. ಮೇಲಿಂದ ಗಾಳಿ ಬೇರೆ. (ಊರಿನ ಹೆಸರಲ್ಲೇ ಗಾಳಿ ಇದೆ, ದೂರುವ ಹಾಗಿಲ್ಲ.) ಕೆಳಗಿನ ತೋಟವೆಲ್ಲ ಮಂಜಿನಲ್ಲಿ ಮುಚ್ಚಿಹೋಗಿ ಸಿಲ್ವರ್ ಓಕ್ ಮರಗಳ ತುದಿ ಮಾತ್ರ ಕಾಣುತ್ತಿತ್ತು. ಮಾಲೀಕರಿಗೆ ಬೇಕಾಗಿದ್ದದ್ದು ಅದೇ ಶಾಟ್.

ಡ್ರೋನ್ ಮೇಲೇರಿಸಿ ಆರು ನಿಮಿಷ ಆಗಿತ್ತು. ರಿಮೋಟಿಗೆ ಸಿಕ್ಕಿಸಿ ಡ್ರೋನಿನ ವಿಡಿಯೊ ನೋಡುವ ಫೋನಿನಲ್ಲಿ 34 ಪರ್ಸೆಂಟ್ ಚಾರ್ಜ್. ಅಷ್ಟರಲ್ಲಿ ಸ್ಕ್ರೀನ್ ಕಪ್ಪಾಯಿತು. ಎಚ್ಚರಿಕೆ ಇಲ್ಲ, ಸದ್ದಿಲ್ಲ. ಬಟನ್ ಒತ್ತಿ ಹಿಡಿದರೆ ಖಾಲಿ ಬ್ಯಾಟರಿಯ ಚಿತ್ರ ಬಂದು ಮಾಯ. ಮಾಲೀಕರು ಪಕ್ಕದಲ್ಲೇ ಕಾಫಿ ಲೋಟ ಹಿಡಿದು ನಿಂತಿದ್ದರು. "ಚೆನ್ನಾಗಿ ಬರ್ತಾ ಇದೆಯಾ?" ಅಂದರು. "ಹೂಂ" ಅಂದೆ.

ಇಂಥ ಡ್ರೋನ್‌ಗಳಲ್ಲಿ ಫೋನ್ ಬರೀ ಕಿಟಕಿ, ಲಗಾಮು ಇರುವುದು ರಿಮೋಟ್ ಕೈಯಲ್ಲಿ. ಫೋನ್ ಸತ್ತರೂ ರಿಮೋಟಿಗೂ ಡ್ರೋನಿಗೂ ಸಂಪರ್ಕ ಇದ್ದೇ ಇರುತ್ತದೆ. ಡ್ರೋನ್ ತಿರುಗಿಸುವ ರಿಮೋಟಿನ ಕಡ್ಡಿಗಳು ಕೆಲಸ ಮಾಡುತ್ತವೆ, ಡ್ರೋನನ್ನು ಹೊರಟ ಜಾಗಕ್ಕೆ ವಾಪಸ್ ಕರೆಸುವ ಬಟನ್ ಕೂಡ. ಅದನ್ನು ಒತ್ತಿದೆ. ವಾಪಸ್ ಬರುವ ಎತ್ತರವನ್ನು 60 ಮೀಟರ್‌ಗೆ ಇಟ್ಟಿದ್ದೆ, ಸಿಲ್ವರ್ ಓಕ್ ಮರಗಳ ಭಯಕ್ಕೆ. ಮೊದಲು ಸದ್ದು ಕೇಳಿಸಿತು, ಆಮೇಲೆ ಕೆಂಪು ದೀಪ. ಕಾಫಿ ಕಣದ ಮಧ್ಯೆ ಬಂದು ಇಳಿಯಿತು. ಒಣಹಾಕಿದ್ದ ಹಣ್ಣಿಗೂ ಅದಕ್ಕೂ ಎರಡೇ ಅಡಿ ಅಂತರ. ಮಂಜಿಗೆ ಅಷ್ಟು ಹತ್ತಿರ ಹಾರಿಸಿದ್ದೇ ತಪ್ಪು, ಡ್ರೋನ್ ಕಣ್ಣಿಗೆ ಕಾಣುವಂತಿರಬೇಕು ಅನ್ನುವುದು ನಿಯಮ. ಒಪ್ಪಿಕೊಂಡೆ.

ಜೇಬಿನಲ್ಲಿ ಕಾಲು ಗಂಟೆ ಇಟ್ಟ ಮೇಲೆ ಬಟನ್ ಒತ್ತಿದರೆ ಫೋನ್ ಆನ್ ಆಯಿತು. ಚಾರ್ಜ್ 31! ಅಂದರೆ ಚಾರ್ಜ್ ಎಲ್ಲೂ ಹೋಗಿರಲಿಲ್ಲ. ಲಿಥಿಯಂ ಬ್ಯಾಟರಿಯ ಗುಣವೇ ಹಾಗೆ. ಚಳಿಗೆ ಒಳಗಿನ ರಾಸಾಯನಿಕ ಕ್ರಿಯೆ ಮಂದವಾಗಿ ಪ್ರತಿರೋಧ ಜಾಸ್ತಿಯಾಗುತ್ತದೆ. ಫುಲ್ ಬ್ರೈಟ್‌ನೆಸ್, ಲೈವ್ ವಿಡಿಯೊ, ಜಿಪಿಎಸ್ ಎಲ್ಲ ಒಟ್ಟಿಗೆ ಕರೆಂಟ್ ಕೇಳಿದಾಗ ವೋಲ್ಟೇಜ್ ಕುಸಿಯುತ್ತದೆ. ಫೋನ್ ಅದನ್ನು ನೋಡಿ "ಮುಗೀತು" ಅಂತ ಆಫ್ ಆಗುತ್ತದೆ.

ಆದರೆ 11 ಡಿಗ್ರಿ ಏನು ಮಹಾ ಚಳಿ ಹೇಳಿ? ಐಫೋನನ್ನು 0ಯಿಂದ 35 ಡಿಗ್ರಿವರೆಗೆ ಬಳಸಬಹುದು ಅಂತ ಆಪಲ್ ಕಂಪನಿಯೇ ಹೇಳುತ್ತದೆ. ನನ್ನದು ಬೇರೆ ಕಂಪನಿಯ ಆಂಡ್ರಾಯ್ಡ್, ಆದರೂ 11ಕ್ಕೆ ಮಲಗಬಾರದಿತ್ತು. ಮಲಗಿತು, ಯಾಕೆಂದರೆ ಅದಕ್ಕೆ ಐದು ವರ್ಷ. ಈ ಸರಳ ವಿಷಯ ಹೊಳೆಯುವ ಮೊದಲೇ ನಾನು ದುಡ್ಡು ಕಳೆದುಕೊಂಡಿದ್ದೆ.

ಆನ್‌ಲೈನ್‌ನಲ್ಲಿ ಬಿಸಿ ಪೊಟ್ಟಣ ತರಿಸಿದೆ. ಹಿಮದ ಊರಿಗೆ ಹೋಗುವವರು ಕೈಗವಸಿನೊಳಗೆ ಇಟ್ಟುಕೊಳ್ಳುತ್ತಾರಲ್ಲ, ಅದೇ. ಹತ್ತರ ಪ್ಯಾಕಿಗೆ 650 ರೂಪಾಯಿ. ಒಳಗಿರುವುದು ಮುಖ್ಯವಾಗಿ ಕಬ್ಬಿಣದ ಪುಡಿ, ಉಪ್ಪು, ಇದ್ದಿಲು. ಕವರ್ ಹರಿದರೆ ಗಾಳಿ ತಾಗಿ ಕಬ್ಬಿಣ ತುಕ್ಕು ಹಿಡಿಯುತ್ತದೆ, ಆ ಶಾಖವೇ ಬಿಸಿ. ಮೊದಲ ದಿನ ಒಂದನ್ನು ಫೋನಿನ ಜೊತೆ ಜಿಪ್ ಚೀಲದಲ್ಲಿ ಹಾಕಿ ಮುಚ್ಚಿದೆ. ಗಾಳಿ ಸಿಗದೆ ಪೊಟ್ಟಣ ತಣ್ಣಗಾಯಿತು. ಎರಡನೇ ದಿನ ಫೋನಿನ ಬೆನ್ನಿಗೇ ಟೇಪ್ ಹಚ್ಚಿ ಅಂಟಿಸಿದೆ. ಹತ್ತು ನಿಮಿಷದಲ್ಲಿ ಫೋನ್ ದೋಸೆಕಲ್ಲು! ಬಿಸಿ ಜಾಸ್ತಿಯಾಗಿ ಸ್ಕ್ರೀನ್ ತಾನೇ ಮಂಕಾಯಿತು. ಚಳಿಗೆ ಔಷಧಿ ಕೊಟ್ಟು ಜ್ವರ ತರಿಸಿದ ಹಾಗಾಯಿತು. ಉಳಿದ ಎಂಟು ಪೊಟ್ಟಣ ಅಜ್ಜಿಯ ಮಂಡಿನೋವಿಗೆ ಹೋದವು. ಬಟ್ಟೆ ಸುತ್ತಿ ಇಟ್ಟುಕೊಂಡು ಅವರು ಖುಷಿಯಾಗಿದ್ದಾರೆ. ಹಾಗಾಗಿ ಅವರ ಕಡೆಯಿಂದ ಐದಕ್ಕೆ ಐದು, ನನ್ನ ಕಡೆಯಿಂದ ಒಂದು.

ಪವರ್ ಬ್ಯಾಂಕ್ ಸಾಲದಾ ಅಂತ ಕೇಳುವವರಿಗೆ: ಫೋನಿನ ಪೋರ್ಟಿನಲ್ಲಿ ರಿಮೋಟಿನ ಕೇಬಲ್ ಕೂತಿರುತ್ತದೆ, ಜಾಗ ಇಲ್ಲ.

ಕೊನೆಗೆ ದಾರಿ ತೋರಿಸಿದ್ದು ಮಡಿಕೇರಿ ಪೇಟೆಯ ಮೊಬೈಲ್ ರಿಪೇರಿ ಅಂಗಡಿಯ ಹುಡುಗ. ನಾನು ಚಳಿಯ ಕತೆ ಪೂರ್ತಿ ಹೇಳಿದೆ. ಅವನು ಸುಮ್ನೆ ಕೇಳಿಸಿಕೊಂಡು ಫೋನಿನ ಹಿಂಭಾಗ ಬಿಚ್ಚಿ ತೋರಿಸಿದ. ಬ್ಯಾಟರಿ ಮಧ್ಯದಲ್ಲಿ ಪೂರಿಯ ಹಾಗೆ ಉಬ್ಬಿತ್ತು. "ಅಣ್ಣ, ಇದನ್ನು ಬೆಚ್ಚಗೆ ಮಾಡೋಕೆ ಹೋಗಿದ್ರಾ?" ಅಂದ. ಪೊಟ್ಟಣದ ವಿಷಯ ನಾನು ಬಾಯಿ ಬಿಡಲಿಲ್ಲ. ಉಬ್ಬಿದ ಬ್ಯಾಟರಿಗೆ ಶಾಖ ಕೊಟ್ಟರೆ ಬೆಂಕಿ ಹತ್ತುವ ಅಪಾಯ ಇರುತ್ತದೆ.

ಹೊಸ ಬ್ಯಾಟರಿಗೆ 1,600 ರೂಪಾಯಿ, ಆರು ತಿಂಗಳ ವಾರಂಟಿ, ಕೈಬರಹದ ಬಿಲ್ಲು. ನಾಳೆ ಕೊಡ್ತೀನಿ ಅಂದವನು ಕೊಟ್ಟಿದ್ದು ನಾಲ್ಕನೇ ದಿನ, ಬ್ಯಾಟರಿ ಮೈಸೂರಿನಿಂದ ಬರಬೇಕಿತ್ತಂತೆ. ಅಷ್ಟು ದಿನ ಎರಡು ಕೆಲಸ ತಪ್ಪಿದವು, ಅದಕ್ಕೆ ಒಂದು ಅಂಕ ಕಳೆಯುತ್ತೇನೆ. ಇನ್ನೊಂದು ಮಾತು. ಬಿಚ್ಚಿದ ಫೋನಿಗೆ ಮೊದಲಿನ ಹಾಗೆ ನೀರು ತಡೆಯುವ ಗ್ಯಾರಂಟಿ ಇರುವುದಿಲ್ಲ. ಅಂಚಿಗೆ ಹೊಸ ಗಮ್ ಹಾಕು ಅಂತ ಕೇಳಿ ಹಾಕಿಸಿಕೊಳ್ಳಿ. ಮಂಜಿನಲ್ಲಿ ತಿರುಗುವವರು ಮರೆಯಬೇಡಿ.

ಬ್ಯಾಟರಿ ಬದಲಾದ ಮೇಲೆ ಅದೇ ಜಾಗ, ಅದೇ ಹೊತ್ತು. ಥರ್ಮಾಮೀಟರಿನಲ್ಲಿ 12. ಫೋನ್ 18 ಪರ್ಸೆಂಟ್‌ವರೆಗೂ ನಿಂತಿತು. ಸಮಸ್ಯೆ ಮುಕ್ಕಾಲು ಪಾಲು ಅಲ್ಲೇ ಮುಗಿಯಿತು.

ಉಳಿದ ಕಾಲು ಪಾಲು ಚಿಕ್ಕಪ್ಪನ ಪುಣ್ಯ. ಅವರು ಸೇನೆಯಲ್ಲಿದ್ದು ರಿಟೈರ್ ಆದವರು, ಎರಡು ಚಳಿಗಾಲ ಲೇಹ್‌ನಲ್ಲಿ ಕಳೆದಿದ್ದಾರೆ. "ಟಾರ್ಚಿನ ಸೆಲ್ಲನ್ನು ನಾವು ಬನಿಯನ್ ಒಳಗೆ ಇಟ್ಕೊಂಡು ಮಲಗ್ತಿದ್ವಿ ಮಗ. ನೀನು ಫೋನನ್ನು ಜೀಪಿನ ಡ್ಯಾಶ್‌ಬೋರ್ಡ್ ಮೇಲೆ ಬಿಸಾಡ್ತೀಯ" ಅಂದರು. ಹಳೆಯ ಕಂಬಳಿಯ ಒಂದು ತುಂಡನ್ನೂ ಅವರೇ ಕೊಟ್ಟರು. ಲಡಾಖ್ ಕಡೆ ಹೊರಟವರಿಗೂ ಅವರ ಬನಿಯನ್ ಪಾಠ ಸಾಕು. ಜೊತೆಗೆ ಒಂದು: ಸೊನ್ನೆಗಿಂತ ಕೆಳಗೆ ತಣ್ಣಗಾದ ಬ್ಯಾಟರಿಯನ್ನು ಚಾರ್ಜಿಗೆ ಹಾಕಬೇಡಿ, ಒಳಗೆ ಲಿಥಿಯಂ ಪದರ ಕಟ್ಟಿ ಶಾಶ್ವತವಾಗಿ ಹಾಳಾಗುತ್ತದೆ.

ಕಂಬಳಿ ತುಂಡು ನಮ್ಮ ರಸ್ತೆಯ ಟೈಲರ್ ಅಕ್ಕನ ಕೈ ಸೇರಿತು. ಫೋನ್ ರಿಮೋಟಿಗೆ ಸಿಕ್ಕಿಸಿದಾಗಲೂ ಚೀಲ ಅದರ ಮೇಲೇ ಇರಬೇಕು ಅಂದೆ. ಅಕ್ಕ ರಿಮೋಟನ್ನು ತಿರುಗಿಸಿ ಮುರುಗಿಸಿ ನೋಡಿದರು. ಬೆನ್ನಿಗೆ ಎರಡು ಪದರ, ಮುಂದೆ ಪೂರ್ತಿ ತೆರೆದ ಕಿಟಕಿ, ಕ್ಲಿಪ್ಪು ಕಚ್ಚುವ ಎರಡು ಕಡೆ ಹೆಬ್ಬೆರಳ ಅಗಲದ ಕಚ್ಚು, ಕೇಬಲ್‌ಗೆ ಕೆಳಗೊಂದು ಸೀಳು. ಹಾರಿಸುವವರೆಗೆ ಸ್ಕ್ರೀನ್ ಮುಚ್ಚಲು ಮಡಚುವ ಮುಚ್ಚಳ, ಅದಕ್ಕೆ ಹಳೇ ಬ್ಲೌಸಿನ ಪ್ರೆಸ್ ಬಟನ್. ಕೂಲಿ 200 ರೂಪಾಯಿ. ಹೊರಗಿನ ಬಿಸಿ ಏನೂ ಬೇಡ, ಕೆಲಸ ಮಾಡುವಾಗ ಫೋನಿನಿಂದ ಹುಟ್ಟುವ ಬಿಸಿಯನ್ನೇ ಕಂಬಳಿ ಹಿಡಿದಿಡುತ್ತದೆ, ಗಾಳಿ ತಾಗಲು ಬಿಡುವುದಿಲ್ಲ.

ದೋಷ ಇಲ್ಲದೇ ಇಲ್ಲ. ಕಂಬಳಿ ಮಂಜು ಹೀರಿ ಒದ್ದೆಯಾಗುತ್ತದೆ, ಪ್ರತಿ ಸಲ ಒಣಗಿಸಬೇಕು. ಸ್ಕ್ರೀನಿನ ಮೇಲೆ ಹನಿ ಕೂತರೆ ಟಚ್ ತನ್ನಿಷ್ಟಕ್ಕೆ ಕುಣಿಯುತ್ತದೆ, ಅದಕ್ಕೆ ಚೀಲ ಏನೂ ಮಾಡಲಾರದು, ಹತ್ತಿ ಬಟ್ಟೆ ಜೇಬಲ್ಲಿರಲಿ. ಒಂಬತ್ತೂವರೆಗೆ ಬಿಸಿಲು ಏರಿದ ಕೂಡಲೇ ಚೀಲ ಕಳಚಿ. ನಮ್ಮಲ್ಲಿ ಬೆಳಿಗ್ಗೆ ಸ್ವೆಟರ್ ಹಾಕಿದವರು ಹನ್ನೊಂದಕ್ಕೆ ಬೆವರುತ್ತೇವೆ ಅಲ್ವಾ, ಫೋನಿಗೂ ಅದೇ ಕಷ್ಟ. ಇನ್ನು ತಣ್ಣನೆ ಫೋನನ್ನು ನೇರವಾಗಿ ಒಲೆ ಉರಿಯುವ ಅಡುಗೆಮನೆಗೆ ತರಬೇಡಿ. ನಾನು ತಂದಿದ್ದೆ. ಕ್ಯಾಮೆರಾ ಗಾಜಿನ ಒಳಗೆ ಮಂಜು ಕಟ್ಟಿ ಸಂಜೆವರೆಗೆ ಬಿಡಲಿಲ್ಲ.

ಅಕ್ಕನ ಹತ್ತಿರ ಉಳಿದ ತುಂಡಿನಲ್ಲಿ ಇನ್ನೂ ನಾಲ್ಕು ಚೀಲ ಆಗುತ್ತವಂತೆ. ಹೊಲಿಸುವವರು ಫೋನನ್ನು ಕವರ್ ಸಮೇತ ಅಳತೆಗೆ ಕೊಡಿ. ನಾನು ಕವರ್ ತೆಗೆದು ಕೊಟ್ಟು ಒಮ್ಮೆ ಪೂರ್ತಿ ಬಿಚ್ಚಿಸಿ ಹೊಲಿಸಿದ್ದೇನೆ, ಅದಕ್ಕೆ ಬೇರೆ 50 ರೂಪಾಯಿ.